ಕೇಬಲ್ ಇಲ್ಲದೆ ಫೋನ್ ಮತ್ತು ಕಂಪ್ಯೂಟರ್ ನಡುವೆ ಫೈಲ್ ಕಳಿಸುವುದು ಹೇಗೆ?

ಫೋನ್‌ನಲ್ಲಿರುವ ಒಂದು ವಿಡಿಯೊ ಕಂಪ್ಯೂಟರ್‌ಗೆ ಬರಬೇಕು. ಹೆಚ್ಚಿನವರು ಏನು ಮಾಡುತ್ತಾರೆ? ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುತ್ತಾರೆ. ಇಲ್ಲವೇ ಇಮೇಲ್‌ಗೆ ಹಾಕಿಕೊಂಡು ಕಂಪ್ಯೂಟರ್‌ನಲ್ಲಿ ಇಳಿಸಿಕೊಳ್ಳುತ್ತಾರೆ. ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇರುವ ಎರಡು ಸಾಧನಗಳ ನಡುವೆ ಹೋಗಬೇಕಾದ ಫೈಲ್, ಎಲ್ಲೋ ದೂರದ ಸರ್ವರ್‌ಗೆ ಏರಿ ಮತ್ತೆ ಇಳಿದು ಬರುತ್ತದೆ. ಡೇಟಾ ಎರಡು ಸಲ ಖರ್ಚು. ಫೋಟೊ ಆಗಿದ್ದರೆ ಅದರ ಗುಣಮಟ್ಟವೂ ಕಡಿಮೆಯಾಗಿರುತ್ತದೆ.

ಇಷ್ಟು ಸುತ್ತು ಬೇಕಾಗಿಲ್ಲ. ಎರಡೂ ಒಂದೇ ವೈಫೈನಲ್ಲಿದ್ದರೆ ಫೈಲ್ ನೇರವಾಗಿ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಒಳ್ಳೆಯ, ಪುಕ್ಕಟೆ ಆ್ಯಪ್‌ಗಳಿವೆ. ಆದರೆ ಆ್ಯಪ್ ಹಾಕಿಕೊಂಡವರಲ್ಲಿ ಎಷ್ಟೋ ಜನ "ನನ್ನ ಫೋನೇ ಕಾಣಿಸ್ತಿಲ್ಲ" ಎಂದು ಅಲ್ಲಿಗೇ ಕೈಬಿಡುತ್ತಾರೆ. ಹಾಗಾಗಿ ಆ್ಯಪ್‌ಗಳ ಬಗ್ಗೆ ಎಷ್ಟು ಬರೆದಿದ್ದೇನೋ, ಕಾಣಿಸದಿದ್ದಾಗ ಏನು ಮಾಡಬೇಕು ಎನ್ನುವುದರ ಬಗ್ಗೆಯೂ ಅಷ್ಟೇ ಬರೆದಿದ್ದೇನೆ.

ಮೊದಲು ಇದೊಂದು ಗೊತ್ತಿರಲಿ

ವೈಫೈ ರೂಟರ್ ಎರಡು ಕೆಲಸ ಮಾಡುತ್ತದೆ. ಒಂದು, ನಮ್ಮನ್ನು ಇಂಟರ್ನೆಟ್‌ಗೆ ಸೇರಿಸುವುದು. ಇನ್ನೊಂದು, ತನಗೆ ಜೋಡಿಸಿಕೊಂಡ ಫೋನ್, ಕಂಪ್ಯೂಟರ್, ಟಿವಿ, ಪ್ರಿಂಟರ್ ಎಲ್ಲವೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ದಾರಿ ಮಾಡಿಕೊಡುವುದು. ಈ ಎರಡನೆಯ ಕೆಲಸಕ್ಕೆ ಇಂಟರ್ನೆಟ್ ಬೇಡ. ಹೊರಗಿನ ಲೈನ್ ಕೆಟ್ಟಿದ್ದರೂ ಪರವಾಗಿಲ್ಲ, ರೂಟರ್‌ಗೆ ಕರೆಂಟ್ ಇದ್ದರೆ ಸಾಕು. 10 ಜಿಬಿ ವಿಡಿಯೊ ಕಳಿಸಿದರೂ ನಿಮ್ಮ ಡೇಟಾ ಪ್ಯಾಕ್‌ನಿಂದ ಒಂದು ಎಂಬಿಯೂ ಹೋಗುವುದಿಲ್ಲ.

ರೂಟರ್ ಪ್ರತಿಯೊಂದು ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಅದು 192.168.1.5 ಈ ರೀತಿ ಇರುತ್ತದೆ. ಮನೆಯ ಸಾಮಾನ್ಯ ರೂಟರ್‌ಗಳಲ್ಲಿ ಫೋನ್ ಮತ್ತು ಕಂಪ್ಯೂಟರ್ ಎರಡರ ವಿಳಾಸದಲ್ಲೂ ಮೊದಲ ಮೂರು ಸಂಖ್ಯೆ ಒಂದೇ ಆಗಿದ್ದರೆ ಅವು ಒಂದೇ ನೆಟ್‌ವರ್ಕ್‌ನಲ್ಲಿವೆ ಎಂದರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡೋಣ. ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ಕಾಣಿಸಬಹುದು. ಫೋನ್ ಒಂದರಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಇದ್ದರೂ ಸಾಮಾನ್ಯವಾಗಿ ಅವು ಒಂದೇ ನೆಟ್‌ವರ್ಕ್. ಕಂಪ್ಯೂಟರ್‌ಗೆ ವೈಫೈಯೇ ಇಲ್ಲ, ರೂಟರ್‌ನಿಂದ ಲ್ಯಾನ್ ಕೇಬಲ್ ಬಂದಿದೆ ಎಂದರೂ ತೊಂದರೆಯಿಲ್ಲ. ಅದು ಇನ್ನೂ ಒಳ್ಳೆಯದೇ, ಏಕೆ ಎಂದು ವೇಗದ ಮಾತು ಬಂದಾಗ ಹೇಳುತ್ತೇನೆ.

ಯಾವುದನ್ನು ಆರಿಸಿಕೊಳ್ಳುವುದು?

ಐಫೋನ್ ಮತ್ತು ಮ್ಯಾಕ್ ಎರಡೂ ಇದ್ದರೆ ಏರ್‌ಡ್ರಾಪ್. ಆಂಡ್ರಾಯ್ಡ್ ಫೋನ್ ಮತ್ತು ವಿಂಡೋಸ್ ಕಂಪ್ಯೂಟರ್ ಇದ್ದರೆ ಕ್ವಿಕ್ ಶೇರ್. ಲಿನಕ್ಸ್ ಬಳಸುವವರಿಗೆ ಕೆಡಿಇ ಕನೆಕ್ಟ್. ಇವುಗಳಲ್ಲಿ ಯಾವುದಕ್ಕೂ ಸೇರದ ಜೋಡಿ ನಿಮ್ಮದಾಗಿದ್ದರೆ, ಅಂದರೆ ಐಫೋನ್ ಜೊತೆ ವಿಂಡೋಸ್ ಅಥವಾ ಆಂಡ್ರಾಯ್ಡ್ ಜೊತೆ ಮ್ಯಾಕ್ ಇದ್ದರೆ, ಲೋಕಲ್‌ಸೆಂಡ್.

ನನ್ನನ್ನು ಕೇಳಿದರೆ ಎಲ್ಲರಿಗೂ ಲೋಕಲ್‌ಸೆಂಡ್ ಎಂದೇ ಹೇಳುತ್ತೇನೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಐದರಲ್ಲೂ ಇದೆ. ಎಲ್ಲದರಲ್ಲೂ ಒಂದೇ ರೀತಿ ಕಾಣುತ್ತದೆ, ಒಂದೇ ರೀತಿ ಕೆಲಸ ಮಾಡುತ್ತದೆ. ಖಾತೆ ತೆರೆಯಬೇಕಿಲ್ಲ. ಜಾಹೀರಾತು ಇಲ್ಲ. ಫೈಲ್ ಹೊರಗಿನ ಯಾವ ಸರ್ವರ್‌ಗೂ ಹೋಗುವುದಿಲ್ಲ. ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಫೋನ್ ಬದಲಾಯಿಸಿದರೂ ಕಂಪ್ಯೂಟರ್ ಬದಲಾಯಿಸಿದರೂ ಹೊಸದಾಗಿ ಕಲಿಯಬೇಕಾದ್ದು ಏನೂ ಇರುವುದಿಲ್ಲ. ಅದಕ್ಕೇ ಅದನ್ನೇ ಮೊದಲು, ವಿವರವಾಗಿ ನೋಡೋಣ.

ಲೋಕಲ್‌ಸೆಂಡ್: ಹಂತ ಹಂತವಾಗಿ

1. ಫೋನ್‌ನಲ್ಲಿ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ಗೆ ಹೋಗಿ ಲೋಕಲ್‌ಸೆಂಡ್ ಎಂದು ಹುಡುಕಿ ಹಾಕಿಕೊಳ್ಳಿ. ಕಂಪ್ಯೂಟರ್‌ಗೆ ಲೋಕಲ್‌ಸೆಂಡ್ ಡಾಟ್ ಆರ್ಗ್ ಎಂಬ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಸಿಕ್ಕಸಿಕ್ಕ ಡೌನ್‌ಲೋಡ್ ತಾಣಗಳಿಂದ ಬೇಡ.

2. ಕಂಪ್ಯೂಟರ್‌ನಲ್ಲಿ ಮೊದಲ ಸಲ ತೆರೆದಾಗ ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ಒಂದು ಪ್ರಶ್ನೆ ಕೇಳಬಹುದು. ಈ ಆ್ಯಪ್‌ಗೆ ನೆಟ್‌ವರ್ಕ್ ಬಳಸಲು ಬಿಡಬೇಕೇ ಎಂದು. ಪ್ರೈವೇಟ್ ನೆಟ್‌ವರ್ಕ್ ಎಂಬಲ್ಲಿ ಟಿಕ್ ಇಟ್ಟು ಅಲೋ ಒತ್ತಿ. ಇಲ್ಲಿ ಅವಸರದಲ್ಲಿ ಕ್ಯಾನ್ಸಲ್ ಒತ್ತಿದವರಿಗೇ ಆಮೇಲೆ ಫೋನ್ ಕಾಣಿಸುವುದಿಲ್ಲ.

3. ಐಫೋನ್‌ನಲ್ಲೂ ಹೀಗೇ ಒಂದು ಪ್ರಶ್ನೆ ಬರುತ್ತದೆ. ಲೋಕಲ್ ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ಹುಡುಕಲು ಅನುಮತಿ ಕೇಳುತ್ತದೆ. 2020ರಲ್ಲಿ ಬಂದ ಐಓಎಸ್ 14ರಿಂದ ಈ ಅನುಮತಿ ಕಡ್ಡಾಯ. ಅಲೋ ಒತ್ತಿ.

4. ಎರಡೂ ಕಡೆ ಆ್ಯಪ್ ತೆರೆದಿರಲಿ. ಒಂದೊಂದು ಸಾಧನಕ್ಕೂ ಆ್ಯಪ್ ತಾನೇ ಒಂದು ಹೆಸರು ಇಟ್ಟುಕೊಂಡಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನಿಮಗೆ ಗುರುತು ಸಿಗುವ ಹೆಸರು ಕೊಡಿ. ಮನೆಯಲ್ಲಿ ನಾಲ್ಕಾರು ಫೋನ್ ಇದ್ದರೆ ಇದು ತುಂಬಾ ಉಪಯೋಗ.

5. ಕಳಿಸುವ ಕಡೆ ಸೆಂಡ್ ಎಂಬ ಭಾಗಕ್ಕೆ ಹೋಗಿ. ಫೈಲ್, ಫೋಟೊ ಮತ್ತು ವಿಡಿಯೊ, ಫೋಲ್ಡರ್, ಪಠ್ಯ ಎಂದು ಬೇರೆ ಬೇರೆ ಬಟನ್‌ಗಳಿರುತ್ತವೆ. ಬೇಕಾದ್ದನ್ನು ಆರಿಸಿ. ಕೆಳಗೆ ಹತ್ತಿರದ ಸಾಧನಗಳ ಪಟ್ಟಿಯಲ್ಲಿ ಇನ್ನೊಂದರ ಹೆಸರು ಕಾಣಿಸುತ್ತದೆ. ಅದನ್ನು ಒತ್ತಿ.

6. ಪಡೆಯುವ ಕಡೆ ಆಕ್ಸೆಪ್ಟ್ ಎಂದು ಕೇಳುತ್ತದೆ. ಒತ್ತಿದರೆ ಮುಗಿಯಿತು, ಫೈಲ್ ಬರಲು ಶುರುವಾಗುತ್ತದೆ.

ಬಂದ ಫೈಲ್ ಎಲ್ಲಿ ಹೋಯಿತು ಎಂದು ಹುಡುಕಾಡುವುದು ಬೇಡ. ವಿಂಡೋಸ್ ಮತ್ತು ಆಂಡ್ರಾಯ್ಡ್‌ನಲ್ಲಿ ಅದು ಡೌನ್‌ಲೋಡ್ ಫೋಲ್ಡರ್‌ನಲ್ಲಿರುತ್ತದೆ. ಬೇರೆ ಕಡೆ ಬೇಕಿದ್ದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ ಬದಲಾಯಿಸಬಹುದು.

ಐಫೋನ್ ಇರುವವರು ಒಂದು ವಿಷಯ ಗಮನಿಸಬೇಕು. ದೊಡ್ಡ ಫೈಲ್ ಹೋಗುತ್ತಿರುವಾಗ ಆ್ಯಪ್ ಬಿಟ್ಟು ಹೊರಗೆ ಬರಬೇಡಿ, ಸ್ಕ್ರೀನ್ ಆರಲು ಬಿಡಬೇಡಿ. ಹಿನ್ನೆಲೆಗೆ ಹೋದ ಆ್ಯಪ್‌ಗಳನ್ನು ಐಓಎಸ್ ಬೇಗ ನಿಲ್ಲಿಸಿಬಿಡುತ್ತದೆ, ಆಗ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿ ಉಳಿಸುವ ಗೀಳು ಜಾಸ್ತಿ ಇರುವ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಹೀಗೆ ಆಗುತ್ತದೆ. ಬ್ಯಾಟರಿ ಸೇವರ್ ಆನ್ ಇದ್ದರೆ ಆ ಹೊತ್ತಿಗೆ ಆಫ್ ಮಾಡಿಕೊಳ್ಳಿ.

ಕಚೇರಿಯ ಕಂಪ್ಯೂಟರ್, ಅದರಲ್ಲಿ ಹೊಸ ಆ್ಯಪ್ ಹಾಕಲು ಬಿಡುವುದಿಲ್ಲ ಎನ್ನುವವರಿಗೂ ಇದರಲ್ಲಿ ದಾರಿಯಿದೆ. ಫೋನ್‌ನಲ್ಲಿ ಫೈಲ್ ಆರಿಸಿ, ಕಳಿಸುವ ವಿಧಾನದಲ್ಲಿ ಶೇರ್ ವಯಾ ಲಿಂಕ್ ಎಂಬುದನ್ನು ಆರಿಸಿ. ಒಂದು ವಿಳಾಸ ಕಾಣಿಸುತ್ತದೆ. ಅದನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಫೈಲ್ ಇಳಿಸಿಕೊಳ್ಳಬಹುದು. ಇಲ್ಲೂ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿರಬೇಕು ಅನ್ನುವುದು ಮಾತ್ರ ಬದಲಾಗುವುದಿಲ್ಲ.

ಆಂಡ್ರಾಯ್ಡ್ ಮತ್ತು ವಿಂಡೋಸ್: ಕ್ವಿಕ್ ಶೇರ್

ಗೂಗಲ್ 2020ರಲ್ಲಿ ನಿಯರ್‌ಬೈ ಶೇರ್ ಎಂಬ ಸೌಲಭ್ಯ ತಂದಿತ್ತು. ಸ್ಯಾಮ್‌ಸಂಗ್‌ನದ್ದು ಕ್ವಿಕ್ ಶೇರ್ ಎಂದು ಬೇರೆಯೇ ಇತ್ತು. 2024ರ ಜನವರಿಯಲ್ಲಿ ಎರಡನ್ನೂ ಸೇರಿಸಿ ಕ್ವಿಕ್ ಶೇರ್ ಎಂಬ ಒಂದೇ ಹೆಸರಿಟ್ಟರು. ಹಳೆಯ ಲೇಖನಗಳಲ್ಲಿ ನಿಯರ್‌ಬೈ ಶೇರ್ ಎಂದು ಓದಿ, ಫೋನ್‌ನಲ್ಲಿ ಹುಡುಕಿ ಸಿಗದೆ ಕಂಗಾಲಾಗಬೇಡಿ. ಅದೇ ಇದು.

ಫೋನ್‌ನಲ್ಲಿ ಇದು ಮೊದಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರ್‌ಗೆ ಮಾತ್ರ ಗೂಗಲ್‌ನ ಆಂಡ್ರಾಯ್ಡ್ ತಾಣದಿಂದ ಕ್ವಿಕ್ ಶೇರ್ ಆ್ಯಪ್ ಇಳಿಸಿಕೊಳ್ಳಬೇಕು. ವಿಂಡೋಸ್ 10 ಅಥವಾ 11, 64 ಬಿಟ್ ಆಗಿರಬೇಕು. ಬ್ಲೂಟೂತ್ ಮತ್ತು ವೈಫೈ ಎರಡೂ ಆನ್ ಇರಬೇಕು. ಬ್ಲೂಟೂತ್ ಬರೀ ಹತ್ತಿರ ಯಾರಿದ್ದಾರೆ ಎಂದು ಹುಡುಕುವುದಕ್ಕೆ. ಫೈಲ್ ಹೋಗುವುದು ಹೆಚ್ಚಾಗಿ ವೈಫೈ ಮೂಲಕವೇ.

ಕಂಪ್ಯೂಟರ್‌ನಲ್ಲಿ ಆ್ಯಪ್ ತೆರೆದಾಗ ನಿಮಗೆ ಯಾರು ಕಳಿಸಬಹುದು ಎಂದು ಕೇಳುತ್ತದೆ. ಫೋನ್‌ನಲ್ಲಿರುವ ಗೂಗಲ್ ಖಾತೆಯಿಂದಲೇ ಕಂಪ್ಯೂಟರ್‌ನಲ್ಲೂ ಸೈನ್ ಇನ್ ಆಗಿ, ಯುವರ್ ಡಿವೈಸಸ್ ಆರಿಸಿಕೊಳ್ಳಿ. ಆಗ ಬೇರೆಯವರಿಗೆ ನಿಮ್ಮ ಕಂಪ್ಯೂಟರ್ ಕಾಣುವುದಿಲ್ಲ, ನಿಮ್ಮ ಫೋನ್‌ನಿಂದ ಕಳಿಸಿದ್ದಕ್ಕೆ ಪ್ರತಿ ಸಲ ಒಪ್ಪಿಗೆ ಒತ್ತುವ ಕೆಲಸವೂ ತಪ್ಪುತ್ತದೆ. ಎವ್ರಿವನ್ ಎಂಬುದನ್ನು ಬೇಕಾದಾಗ ಮಾತ್ರ, ಸ್ವಲ್ಪ ಹೊತ್ತು ಇಟ್ಟುಕೊಂಡು ಮತ್ತೆ ತೆಗೆದುಬಿಡಿ.

ಆಮೇಲೆ ಸುಲಭ. ಗ್ಯಾಲರಿಯಲ್ಲಿ ಫೋಟೊ ಆರಿಸಿ, ಶೇರ್ ಒತ್ತಿ, ಕ್ವಿಕ್ ಶೇರ್ ಒತ್ತಿ, ಕಂಪ್ಯೂಟರ್ ಹೆಸರು ಒತ್ತಿ. ಕಂಪ್ಯೂಟರ್‌ನಿಂದ ಫೋನ್‌ಗಾದರೆ ಫೈಲ್‌ಗಳನ್ನು ಎಳೆದು ಆ್ಯಪ್‌ನ ಕಿಟಕಿಯೊಳಗೆ ಬಿಡಿ.

ಐಫೋನ್ ಮತ್ತು ಮ್ಯಾಕ್: ಏರ್‌ಡ್ರಾಪ್

ಇಲ್ಲಿ ಹಾಕಿಕೊಳ್ಳಬೇಕಾದ್ದು ಏನೂ ಇಲ್ಲ. ಎರಡರಲ್ಲೂ ಬ್ಲೂಟೂತ್ ಮತ್ತು ವೈಫೈ ಆನ್ ಇರಲಿ, ಐಫೋನ್‌ನ ಪರ್ಸನಲ್ ಹಾಟ್‌ಸ್ಪಾಟ್ ಆಫ್ ಇರಲಿ, ಸುಮಾರು 9 ಮೀಟರ್ ಒಳಗಿರಲಿ. ಏರ್‌ಡ್ರಾಪ್ ರೂಟರ್ ಮೂಲಕ ಹೋಗುವುದಿಲ್ಲ, ಎರಡು ಸಾಧನಗಳು ನೇರವಾಗಿ ವೈಫೈ ಸಂಪರ್ಕ ಮಾಡಿಕೊಳ್ಳುತ್ತವೆ. ಹಾಗಾಗಿ ವೈಫೈ ಇಲ್ಲದ ಜಾಗದಲ್ಲೂ ನಡೆಯುತ್ತದೆ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಏರ್‌ಡ್ರಾಪ್ ಒತ್ತಿದರೆ, ಯಾರಿಗೆ ಕಾಣಿಸಬೇಕು ಎಂಬ ಆಯ್ಕೆ ಕೆಳಗಿರುತ್ತದೆ.

ಫೋಟೊ ಕಳಿಸುವಾಗ ಒಂದು ಚಿಕ್ಕ ಜಾಗ ನೋಡಿಕೊಳ್ಳಿ. ಶೇರ್ ಒತ್ತಿದಾಗ ಮೇಲ್ಗಡೆ ಆಪ್ಷನ್ಸ್ ಎಂದಿರುತ್ತದೆ. ಅದರಲ್ಲಿ ಆಲ್ ಫೋಟೋಸ್ ಡೇಟಾ ಆನ್ ಮಾಡಿದರೆ ಮೂಲ ಫೋಟೊ ಮತ್ತು ನೀವು ಮಾಡಿದ ಎಡಿಟ್‌ಗಳ ಮಾಹಿತಿ ಎಲ್ಲವೂ ಹೋಗುತ್ತದೆ. ನಿಮ್ಮದೇ ಮ್ಯಾಕ್‌ಗೆ ಹಾಕಿಡುವಾಗ ಅದು ಆನ್ ಇರಲಿ. ಬೇರೆಯವರಿಗೆ ಕಳಿಸುವಾಗ ಫೋಟೊ ಎಲ್ಲಿ ತೆಗೆದದ್ದು ಎಂಬ ಲೊಕೇಶನ್ ಬೇಡವೆಂದರೆ ಅಲ್ಲೇ ತೆಗೆದುಹಾಕಬಹುದು.

ಲಿನಕ್ಸ್‌ನವರಿಗೆ

ಕೆಡಿಇ ಕನೆಕ್ಟ್ ಫೈಲ್ ಕಳಿಸುವುದಷ್ಟೇ ಅಲ್ಲ. ಫೋನ್‌ನಲ್ಲಿ ಕಾಪಿ ಮಾಡಿದ ಪಠ್ಯವನ್ನು ಕಂಪ್ಯೂಟರ್‌ನಲ್ಲಿ ಪೇಸ್ಟ್ ಮಾಡಬಹುದು, ಫೋನ್‌ಗೆ ಬಂದ ಸೂಚನೆಗಳನ್ನು ಕಂಪ್ಯೂಟರ್‌ನಲ್ಲೇ ನೋಡಬಹುದು. ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ಬಳಸುವವರು ಜಿಎಸ್‌ಕನೆಕ್ಟ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಅದೇ ಫೋನ್ ಆ್ಯಪ್ ಜೊತೆ ಕೆಲಸ ಮಾಡುತ್ತದೆ. ಮೊದಲ ಸಲ ಪೇರ್ ಮಾಡಿದರೆ ಸಾಕು. ಫೈರ್‌ವಾಲ್ ಇದ್ದರೆ 1714ರಿಂದ 1764ರವರೆಗಿನ ಪೋರ್ಟ್‌ಗಳನ್ನು (ಡೇಟಾ ಬಂದುಹೋಗುವ, ಸಂಖ್ಯೆ ಕೊಟ್ಟ ಬಾಗಿಲುಗಳು), ಟಿಸಿಪಿ ಮತ್ತು ಯುಡಿಪಿ ಎಂಬ ಎರಡೂ ಸಾಗಣೆ ವಿಧಾನಗಳಿಗೆ, ತೆರೆಯಬೇಕು. ಲೋಕಲ್‌ಸೆಂಡ್‌ಗಾದರೆ 53317.

ಬ್ಲೂಟೂತ್ ಯಾಕೆ ಬೇಡ?

ಬ್ಲೂಟೂತ್‌ನಲ್ಲಿ ಫೈಲ್ ಹೋಗುವ ವೇಗ ಸೆಕೆಂಡಿಗೆ ಸುಮಾರು 2 ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಅದು ಸೆಕೆಂಡಿಗೆ ಕಾಲು ಎಂಬಿ ಅಷ್ಟೇ. 1 ಜಿಬಿ ವಿಡಿಯೊ ಕಳಿಸಲು ಒಂದು ಗಂಟೆಗೂ ಜಾಸ್ತಿ ಬೇಕು. ಒಳ್ಳೆಯ 5 ಗಿಗಾಹರ್ಟ್ಸ್ ವೈಫೈನಲ್ಲಿ ಅದೇ ವಿಡಿಯೊ ಒಂದು ನಿಮಿಷದೊಳಗೆ ಹೋಗಬಹುದು. ಒಂದೆರಡು ಪುಟದ ಪಿಡಿಎಫ್ ಕಳಿಸಲು ಬ್ಲೂಟೂತ್ ಸಾಕು. ವಿಂಡೋಸ್‌ನಲ್ಲಿ ಫೈಲ್ ಪಡೆಯುವ ಮೊದಲು ಬ್ಲೂಟೂತ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಸೀವ್ ಎ ಫೈಲ್ ಎಂದು ಕೊಟ್ಟಿರಬೇಕು. ಐಫೋನ್‌ನಿಂದ ವಿಂಡೋಸ್‌ಗೆ ಬ್ಲೂಟೂತ್‌ನಲ್ಲಿ ಫೈಲ್ ಹೋಗುವುದೇ ಇಲ್ಲ, ಸುಮ್ನೆ ಪ್ರಯತ್ನ ಮಾಡಿ ಸಮಯ ಕಳೆಯಬೇಡಿ.

ವೈಫೈ ಇಲ್ಲದ ಕಡೆ

ಫೋನ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಕಂಪ್ಯೂಟರ್ ಅನ್ನು ಅದಕ್ಕೆ ಸೇರಿಸಿ. ಈಗ ಫೋನೇ ರೂಟರ್. ಲೋಕಲ್‌ಸೆಂಡ್ ತೆರೆದು ಎಂದಿನಂತೆ ಕಳಿಸಿ. ಫೈಲ್ ಕಳಿಸುವುದಕ್ಕೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಆದರೆ ಕಂಪ್ಯೂಟರ್‌ಗೆ ಇಂಟರ್ನೆಟ್ ಸಿಕ್ಕಿತು ಎಂದು ಅದು ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸಲು ಶುರುಮಾಡಬಹುದು. ಅದಕ್ಕೇ ಮೊದಲು ಫೋನ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಬಿಡಿ. ಡೇಟಾ ಆಫ್ ಮಾಡಿದರೆ ನಿಮ್ಮ ಫೋನ್ ಹಾಟ್‌ಸ್ಪಾಟ್ ಕೊಡುವುದಿಲ್ಲ ಎಂದಾದರೆ, ವಿಂಡೋಸ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟ್ ಅನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತು ಮಾಡಿ. ಆಗ ಹೆಚ್ಚಿನ ಅಪ್‌ಡೇಟ್‌ಗಳು ಕಾಯುತ್ತವೆ.

ಹೋಟೆಲ್, ಹಾಸ್ಟೆಲ್, ರೈಲು ನಿಲ್ದಾಣದಂಥ ಕಡೆ ಸಾರ್ವಜನಿಕ ವೈಫೈ ಇದ್ದರೂ ನಾನು ಹಾಟ್‌ಸ್ಪಾಟನ್ನೇ ಬಳಸಿ ಎನ್ನುತ್ತೇನೆ. ಅಂಥ ಕಡೆ ಒಂದು ಸಾಧನ ಇನ್ನೊಂದನ್ನು ನೋಡದಂತೆ ಹೆಚ್ಚಾಗಿ ತಡೆ ಹಾಕಿರುತ್ತಾರೆ. ತಡೆ ಹಾಕಿಲ್ಲವೆಂದರೆ ಅಪರಿಚಿತರ ಸಾಧನಗಳಿಗೂ ನಿಮ್ಮ ಕಂಪ್ಯೂಟರ್ ಕಾಣುತ್ತದೆ. ಎರಡೂ ನಮಗೆ ಬೇಡ, ಅಲ್ವಾ?

ಇಡೀ ಫೋನ್ ಅನ್ನು ಫೋಲ್ಡರ್‌ನಂತೆ ತೆರೆಯಬೇಕೆ?

ಯಾವ ಫೈಲ್ ಬೇಕೆಂದು ಕಂಪ್ಯೂಟರ್‌ನಲ್ಲೇ ಕೂತು ಆರಿಸುವ ಆಸೆ ಕೆಲವರಿಗೆ ಇರುತ್ತದೆ. ಆಂಡ್ರಾಯ್ಡ್‌ನ ಅನೇಕ ಫೈಲ್ ಮ್ಯಾನೇಜರ್ ಆ್ಯಪ್‌ಗಳಲ್ಲಿ ಎಫ್‌ಟಿಪಿ ಸರ್ವರ್ ಎಂಬ ಸೌಲಭ್ಯ ಇರುತ್ತದೆ. ಎಫ್‌ಟಿಪಿ ಎಂದರೆ ನೆಟ್‌ವರ್ಕ್ ಮೂಲಕ ಫೈಲ್ ಸಾಗಿಸುವ ಒಂದು ಹಳೆಯ ವಿಧಾನ. ಮಟೀರಿಯಲ್ ಫೈಲ್ಸ್ ಒಂದು ಒಳ್ಳೆಯ ಉದಾಹರಣೆ. ಅದನ್ನು ಶುರುಮಾಡಿದರೆ ಎಫ್‌ಟಿಪಿ ಎಂದು ಆರಂಭವಾಗಿ 192.168.1.5:2121 ಎಂಬಂತೆ ಮುಗಿಯುವ ಒಂದು ವಿಳಾಸ ತೋರಿಸುತ್ತದೆ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮೇಲಿರುವ ವಿಳಾಸದ ಪಟ್ಟಿಯಲ್ಲಿ ಅದನ್ನು ಇದ್ದ ಹಾಗೇ ಟೈಪ್ ಮಾಡಿ ಎಂಟರ್ ಒತ್ತಿ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಟೈಪ್ ಮಾಡಿದರೆ ತೆರೆಯುವುದಿಲ್ಲ, ಅವೆರಡೂ 2021ರಲ್ಲೇ ಎಫ್‌ಟಿಪಿ ಬೆಂಬಲ ನಿಲ್ಲಿಸಿವೆ. ಮ್ಯಾಕ್‌ನ ಫೈಂಡರ್‌ನಲ್ಲಿ ತೆರೆಯುತ್ತದೆ, ಆದರೆ ನೋಡಬಹುದು ಮತ್ತು ಇಳಿಸಿಕೊಳ್ಳಬಹುದು ಅಷ್ಟೇ. ಫೋನ್‌ಗೆ ಬರೆಯಲು ಆಗುವುದಿಲ್ಲ. ಜಾಸ್ತಿ ಫೈಲ್ ಇದ್ದರೆ ಎಕ್ಸ್‌ಪ್ಲೋರರ್ ತಡವರಿಸುತ್ತದೆ, ಎಫ್‌ಟಿಪಿಗೆಂದೇ ಇರುವ ಫೈಲ್‌ಜಿಲ್ಲಾ ಆ್ಯಪ್ ಬಳಸಿ.

ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಆಗಲಿ ಫೈಲ್ ಆಗಲಿ ಎನ್‌ಕ್ರಿಪ್ಟ್ ಆಗಿ, ಅಂದರೆ ಬೇರೆಯವರು ಓದಲಾಗದ ರೂಪದಲ್ಲಿ, ಹೋಗುವುದಿಲ್ಲ. ನಿಮ್ಮ ಮನೆಯ ವೈಫೈನಲ್ಲಿ ಮಾತ್ರ ಬಳಸಿ. ಕೆಲಸ ಮುಗಿದ ಕೂಡಲೇ ಸರ್ವರ್ ನಿಲ್ಲಿಸಿ.

ಉಲ್ಟಾ ದಾರಿಯೂ ಇದೆ. ವಿಂಡೋಸ್‌ನಲ್ಲಿ ಒಂದು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಭಾಗಕ್ಕೆ ಹೋಗಿ ಹಂಚಿಕೊಳ್ಳಿ. ಐಫೋನ್‌ನ ಫೈಲ್ಸ್ ಆ್ಯಪ್‌ನಲ್ಲಿ ಮೂರು ಚುಕ್ಕಿ ಒತ್ತಿ, ಕನೆಕ್ಟ್ ಟು ಸರ್ವರ್ ಆರಿಸಿ, ಕಂಪ್ಯೂಟರ್‌ನ ಐಪಿ ವಿಳಾಸ ಕೊಡಿ. 2019ರ ಐಓಎಸ್ 13ರಿಂದ ಇದು ಇದೆ. ಇಲ್ಲಿ ಎಲ್ಲರೂ ಎಡವುವ ಜಾಗ ಪಾಸ್‌ವರ್ಡ್. ಕಂಪ್ಯೂಟರ್ ತೆರೆಯಲು ಬಳಸುವ ನಾಲ್ಕಂಕಿ ಪಿನ್ ಇಲ್ಲಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಆ ಖಾತೆಯ ಇಮೇಲ್ ಮತ್ತು ಅದರ ಪೂರ್ತಿ ಪಾಸ್‌ವರ್ಡ್ ಕೊಡಬೇಕು.

ಸಾಧನ ಕಾಣಿಸುತ್ತಿಲ್ಲವೇ?

ಆ್ಯಪ್ ತೆಗೆದುಹಾಕಿ ಮತ್ತೆ ಹಾಕುವುದರಿಂದ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಏಕೆಂದರೆ ತೊಂದರೆ ಆ್ಯಪ್‌ನಲ್ಲಿ ಇರುವುದಿಲ್ಲ. ಕೆಳಗಿನ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು ಎರಡೂ ಒಂದೇ ವೈಫೈನಲ್ಲಿವೆಯೇ ನೋಡಿ. ಫೋನ್‌ನಲ್ಲಿ ವೈಫೈ ಆನ್ ಇದೆ ಎಂದ ಮಾತ್ರಕ್ಕೆ ಅದು ಸೇರಿಕೊಂಡಿದೆ ಎಂದಲ್ಲ. ವೈಫೈನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಆಂಡ್ರಾಯ್ಡ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುವುದುಂಟು. ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲೇ ಇರಬೇಕೇ ಎಂದು ಕೇಳಿದರೆ ಹೌದು ಎನ್ನಿ.

ಆಮೇಲೆ ವಿಳಾಸ ಹೋಲಿಸಿ. ಫೋನ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿದರೆ ಐಪಿ ವಿಳಾಸ ಸಿಗುತ್ತದೆ. ವಿಂಡೋಸ್‌ನಲ್ಲಿ ವೈಫೈ ಪ್ರಾಪರ್ಟೀಸ್‌ನ ಕೆಳಭಾಗದಲ್ಲಿ ಐಪಿವಿ4 ವಿಳಾಸ ಎಂದು ಇರುತ್ತದೆ. ಒಂದು 192.168.1 ಎಂದು, ಇನ್ನೊಂದು 192.168.0 ಎಂದು ಶುರುವಾದರೆ ಅವು ಬೇರೆ ಬೇರೆ ನೆಟ್‌ವರ್ಕ್. ಸಿಗ್ನಲ್ ಸಾಲದು ಎಂದು ಎರಡನೇ ರೂಟರ್ ಹಾಕಿಸಿಕೊಂಡ ಮನೆಗಳಲ್ಲಿ ಇದು ಜಾಸ್ತಿ. ಆ ಎರಡನೆಯ ರೂಟರ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ತಾನೇ ಬೇರೆ ನೆಟ್‌ವರ್ಕ್ ಮಾಡದೆ ಮೊದಲ ರೂಟರ್‌ನದ್ದನ್ನೇ ಹರಡುವ ರೀತಿ) ಹಾಕಿಸಿದರೆ ಶಾಶ್ವತ ಪರಿಹಾರ. ಅಲ್ಲಿಯವರೆಗೆ ಎರಡನ್ನೂ ಒಂದೇ ರೂಟರ್‌ಗೆ ಸೇರಿಸಿಕೊಳ್ಳಿ.

ಗೆಸ್ಟ್ ವೈಫೈ ಬಳಸುತ್ತಿದ್ದೀರಾ? ಅತಿಥಿಗಳ ಫೋನ್‌ಗಳು ಮನೆಯ ಸಾಧನಗಳನ್ನು ಮುಟ್ಟಬಾರದು ಎಂದೇ ಗೆಸ್ಟ್ ನೆಟ್‌ವರ್ಕ್ ಮಾಡಿರುವುದು. ಅಲ್ಲಿ ಇದು ಕೆಲಸ ಮಾಡದಿದ್ದರೆ ಅದು ದೋಷವಲ್ಲ. ಮುಖ್ಯ ವೈಫೈಗೆ ಬನ್ನಿ. ಮುಖ್ಯ ವೈಫೈನಲ್ಲೂ ಕಾಣಿಸದಿದ್ದರೆ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಎಂಬುದು (ಸಾಧನಗಳು ಒಂದನ್ನೊಂದು ನೋಡದಂತೆ ತಡೆಯುವ ಆಯ್ಕೆ) ಆನ್ ಇದೆಯೇ ನೋಡಿ, ಆಫ್ ಮಾಡಿ.

ವಿಂಡೋಸ್‌ನಲ್ಲಿ ನಿಮ್ಮ ವೈಫೈ ಪಬ್ಲಿಕ್ ಎಂದು ಗುರುತಾಗಿದ್ದರೆ ಕಂಪ್ಯೂಟರ್ ಬೇರೆಯವರಿಗೆ ಕಾಣದಂತೆ ಅಡಗಿಕೊಳ್ಳುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಅದರ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಎಂದು ಬದಲಾಯಿಸಿ. ಕಾಣಿಸದ ದೂರುಗಳಲ್ಲಿ ನಾನು ಮೊದಲು ಅನುಮಾನಪಡುವುದು ಇದನ್ನೇ. ಮನೆಯ ವೈಫೈಗೆ ಮಾತ್ರ ಹೀಗೆ ಮಾಡಿ, ಹೊರಗಿನ ವೈಫೈಗಳು ಪಬ್ಲಿಕ್ ಆಗಿಯೇ ಇರಲಿ.

ಮೊದಲ ಸಲ ಫೈರ್‌ವಾಲ್ ಪ್ರಶ್ನೆಗೆ ಕ್ಯಾನ್ಸಲ್ ಒತ್ತಿದ್ದರೆ ಅದನ್ನೂ ಸರಿಮಾಡಬಹುದು. ಸ್ಟಾರ್ಟ್‌ನಲ್ಲಿ ಅಲೋ ಆ್ಯನ್ ಆ್ಯಪ್ ಥ್ರೂ ವಿಂಡೋಸ್ ಫೈರ್‌ವಾಲ್ ಎಂದು ಹುಡುಕಿ, ಪಟ್ಟಿಯಲ್ಲಿ ಆ್ಯಪ್‌ನ ಹೆಸರಿನ ಮುಂದೆ ಪ್ರೈವೇಟ್‌ಗೆ ಟಿಕ್ ಹಾಕಿ. ದಯವಿಟ್ಟು ಇಡೀ ಫೈರ್‌ವಾಲ್ ಆಫ್ ಮಾಡಬೇಡಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದಕ್ಕೂ ತನ್ನದೇ ಫೈರ್‌ವಾಲ್ ಇರಬಹುದು, ಅಲ್ಲೂ ನೋಡಿ.

ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ. ಐಫೋನ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಲೋಕಲ್ ನೆಟ್‌ವರ್ಕ್ ಪಟ್ಟಿಯಲ್ಲಿ ಆ್ಯಪ್ ಆನ್ ಇರಬೇಕು.

ಇಷ್ಟೆಲ್ಲ ಆದಮೇಲೂ ಕಾಣಿಸದಿದ್ದರೆ ಐಪಿ ವಿಳಾಸವನ್ನೇ ಕೈಯಾರೆ ಕೊಟ್ಟು ಕಳಿಸಿ, ಲೋಕಲ್‌ಸೆಂಡ್‌ನಲ್ಲಿ ಆ ಆಯ್ಕೆ ಇದೆ. ಕೆಲವು ರೂಟರ್‌ಗಳು ಹುಡುಕುವ ಸಂದೇಶವನ್ನು ಮಾತ್ರ ತಡೆಯುತ್ತವೆ, ನೇರ ಸಂಪರ್ಕವನ್ನು ಬಿಡುತ್ತವೆ. ಅಂಥ ಕಡೆ ಇದು ನಡೆಯುತ್ತದೆ.

ಹೋಗುತ್ತಿದೆ, ಆದರೆ ತುಂಬಾ ನಿಧಾನ

2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಎರಡನ್ನೂ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ರೂಟರ್ ಇರುವ ಕೋಣೆಗೇ ಬನ್ನಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ.

ಫೋನ್ ಮತ್ತು ಕಂಪ್ಯೂಟರ್ ಎರಡೂ ಒಂದೇ ಬ್ಯಾಂಡ್‌ನ ವೈಫೈನಲ್ಲಿದ್ದಾಗ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಫೋನ್‌ನಿಂದ ರೂಟರ್‌ಗೆ ಒಂದು ಸಲ, ರೂಟರ್‌ನಿಂದ ಕಂಪ್ಯೂಟರ್‌ಗೆ ಇನ್ನೊಂದು ಸಲ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಹಾಕಿದರೆ ಎರಡನೆಯ ಓಡಾಟ ಕೇಬಲ್‌ನಲ್ಲಾಗುತ್ತದೆ. ಇದಕ್ಕೇ ಮೊದಲು ಲ್ಯಾನ್ ಒಳ್ಳೆಯದು ಎಂದದ್ದು.

ಸಾವಿರಾರು ಚಿಕ್ಕ ಫೈಲ್‌ಗಳಿದ್ದರೆ ಒಟ್ಟು ಗಾತ್ರ ಕಡಿಮೆಯಿದ್ದರೂ ಎಳೆದಾಡುತ್ತದೆ, ಪ್ರತಿ ಫೈಲಿಗೂ ಹೊಸದಾಗಿ ಶುರುಮಾಡಬೇಕಲ್ಲ. ಅಂಥದ್ದನ್ನು ಜಿಪ್ ಮಾಡಿ ಒಂದೇ ಫೈಲಾಗಿ ಕಳಿಸಿ. ಫೋಟೊ, ವಿಡಿಯೊ ಜಿಪ್ ಮಾಡಿದರೆ ಗಾತ್ರವೇನೂ ಕಡಿಮೆಯಾಗುವುದಿಲ್ಲ, ಆದರೆ ಸಾಗಿಸುವುದು ಸಲೀಸಾಗುತ್ತದೆ.

4 ಜಿಬಿಗಿಂತ ದೊಡ್ಡ ಫೈಲ್ ಪ್ರತಿ ಸಲ ಕೊನೆಯಲ್ಲಿ ವಿಫಲವಾಗುತ್ತಿದ್ದರೆ ಅದು ವೈಫೈ ತೊಂದರೆಯಲ್ಲ. ನೀವು ಉಳಿಸುತ್ತಿರುವ ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾಗಿರಬಹುದು. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಯುವುದಿಲ್ಲ. ಕಂಪ್ಯೂಟರ್‌ನ ಡಿಸ್ಕ್‌ಗೇ ಇಳಿಸಿಕೊಳ್ಳಿ.

ಕ್ಲೌಡ್ ಮತ್ತು ವಾಟ್ಸಾಪ್ ಯಾವಾಗ ಸರಿ?

ಎರಡು ಸಾಧನ ಬೇರೆ ಬೇರೆ ಊರಲ್ಲಿದ್ದರೆ ಕ್ಲೌಡ್ ಬಿಟ್ಟು ದಾರಿಯಿಲ್ಲ. ಗೂಗಲ್ ಖಾತೆಯಲ್ಲಿ ಪುಕ್ಕಟೆ 15 ಜಿಬಿ ಸಿಗುತ್ತದೆ, ಐಕ್ಲೌಡ್ ಮತ್ತು ಒನ್‌ಡ್ರೈವ್‌ನಲ್ಲಿ 5 ಜಿಬಿ. ಗೂಗಲ್‌ನ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಸ್ ಕೂಡ ಸೇರಿವೆ ಎಂಬುದು ನೆನಪಿರಲಿ.

ವಾಟ್ಸಾಪ್‌ನಲ್ಲೇ ಕಳಿಸಬೇಕಾಗಿ ಬಂದರೆ ಫೋಟೊವನ್ನು ಗ್ಯಾಲರಿಯಿಂದ ಆರಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಗ್ಯಾಲರಿಯಿಂದ ಕಳಿಸಿದರೆ ಫೋಟೊ ಕುಗ್ಗುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಕಳೆದುಹೋಗುತ್ತದೆ. ಡಾಕ್ಯುಮೆಂಟ್ ಆಗಿ 2 ಜಿಬಿಯವರೆಗೆ ಮೂಲ ರೂಪದಲ್ಲೇ ಹೋಗುತ್ತದೆ. ಮಕ್ಕಳ ಫೋಟೊ, ಮದುವೆ ಫೋಟೊಗಳಂಥವನ್ನು ಕುಗ್ಗಿದ ರೂಪದಲ್ಲಿ ಉಳಿಸಿಕೊಂಡು ಮೂಲವನ್ನು ಅಳಿಸಿದರೆ ಮತ್ತೆ ಸಿಗುವುದಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಫೋನ್‌ನಿಂದ ಅಳಿಸುವ ಮೊದಲು

ಹೆಚ್ಚಿನವರು ಫೋನ್‌ನಲ್ಲಿ ಜಾಗ ಮಾಡಿಕೊಳ್ಳಲೆಂದೇ ಫೈಲ್ ಸಾಗಿಸುತ್ತಾರೆ. ಹೋಗಿದೆ ಎಂದು ಆ್ಯಪ್ ಹೇಳಿದ ಕೂಡಲೇ ಅಳಿಸಬೇಡಿ. ಎರಡೂ ಕಡೆ ಫೈಲ್‌ಗಳ ಸಂಖ್ಯೆ ಹೋಲಿಸಿ. ಕಂಪ್ಯೂಟರ್‌ನಲ್ಲಿ ನಾಲ್ಕಾರು ಫೋಟೊ ತೆರೆದು ನೋಡಿ. ವಿಡಿಯೊ ಆದರೆ ಕೊನೆಯ ಭಾಗಕ್ಕೆ ಎಳೆದು ಅದು ಓಡುತ್ತದೆಯೇ ನೋಡಿ, ಅರ್ಧಕ್ಕೆ ನಿಂತದ್ದು ಅಲ್ಲೇ ಗೊತ್ತಾಗುತ್ತದೆ.

ಗಾತ್ರ ಹೋಲಿಸುವಾಗ ಗಾಬರಿಯಾಗಬೇಡಿ. ಐಫೋನ್, ಮ್ಯಾಕ್ ಮತ್ತು ಈಗಿನ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು 1000ದ ಲೆಕ್ಕದಲ್ಲಿ ಜಿಬಿ ಎಣಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ. ಫೋನ್‌ನಲ್ಲಿ 1 ಜಿಬಿ ಎಂದು ತೋರಿಸಿದ ಫೈಲ್ ವಿಂಡೋಸ್‌ನಲ್ಲಿ ಸುಮಾರು 953 ಎಂಬಿ ಎಂದು ಕಾಣುತ್ತದೆ. ಏನೂ ಕಳೆದಿಲ್ಲ. ಅನುಮಾನ ಇದ್ದರೆ ಪ್ರಾಪರ್ಟೀಸ್‌ನಲ್ಲಿ ಬೈಟ್ ಲೆಕ್ಕ ನೋಡಿ, ಅದು ಎರಡೂ ಕಡೆ ಒಂದೇ ಇರಬೇಕು.

ಐಫೋನ್ ಫೋಟೊ ವಿಂಡೋಸ್‌ನಲ್ಲಿ ತೆರೆಯದಿದ್ದರೆ ಫೈಲ್ ಹಾಳಾಗಿದೆ ಎಂದುಕೊಳ್ಳಬೇಡಿ. 2017ರಿಂದ ಐಫೋನ್ ಹೆಚ್‌ಇಐಸಿ ಎಂಬ ಮಾದರಿಯಲ್ಲಿ ಫೋಟೊ ಉಳಿಸುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹೆಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಷನ್ಸ್ ಹಾಕಿಕೊಂಡು ನೋಡಿ. ಮುಂದೆ ತೆಗೆಯುವ ಫೋಟೊಗಳು ಜೆಪೆಗ್ ಆಗಿರಲಿ ಎಂದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ.

ಇನ್ನು ಅಳಿಸುವ ವಿಷಯ. ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋನ್‌ನಲ್ಲಿ ಅಳಿಸಿದ ಫೋಟೊ ನಿಮ್ಮ ಉಳಿದ ಆ್ಯಪಲ್ ಸಾಧನಗಳಿಂದಲೂ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದಾಗ ಸಾಮಾನ್ಯ ಡಿಲೀಟ್ ಕೊಟ್ಟರೆ ಕ್ಲೌಡ್‌ನ ಪ್ರತಿಯೂ ಅಳಿಯುತ್ತದೆ. ಅದು ಉಳಿಯಬೇಕು, ಫೋನ್‌ನಲ್ಲಿ ಮಾತ್ರ ಜಾಗ ಬೇಕು ಎಂದರೆ ಅದರಲ್ಲಿರುವ ಫ್ರೀ ಅಪ್ ಸ್ಪೇಸ್ ಎಂಬುದನ್ನೇ ಬಳಸಿ. ತಪ್ಪಿ ಅಳಿಸಿದ್ದರೆ ಐಫೋನ್‌ನ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ 30 ದಿನ, ಗೂಗಲ್ ಫೋಟೋಸ್‌ನ ಟ್ರ್ಯಾಶ್‌ನಲ್ಲಿ ಬ್ಯಾಕಪ್ ಆದ ಫೋಟೊ 60 ದಿನ ಇರುತ್ತದೆ. ಬ್ಯಾಕಪ್ ಆಗದ ಫೋಟೊಗೆ ಅಲ್ಲೂ 30 ದಿನವೇ.